ಖಾಕಿ ಪ್ಯಾಂಟಿನ ಅಳತೆ

ಡೂಮ್‌ಲೈಟ್ ಸರ್ಕಲ್ಲಿನ ಹಿಂದೆ, ಹೂವಿನಂಗಡಿ ಪಕ್ಕದ ಮೆಟ್ಟಿಲೇರಿದರೆ ನನ್ನ ಮೆಷಿನ್ನು.
ಮುನಿರತ್ನ, ಕೋಲಾರ ಡಿಪೋ ಕಂಡಕ್ಟರು,
ಮೊದಲ ಸಲ ಬಂದಾಗ ಟೇಪು ಹಿಡಿದು ನಾನೇ ಗಲಿಬಿಲಿಗೊಂಡೆ:
ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೊಂಬತ್ತು,
ತೊಡೆಗೆ ಬಂದರೆ ಬೇರೆ ಯಾರದೋ ಮೈ.
ಇಬ್ಬರು ಹೆಂಗಸರನ್ನು ನಡುವಿಗೆ ಕೂಡಿಸಿ ಹೊಲಿದ ಹಾಗೆ.

ಗೆಜ್ಜೆ ಕೂರುವ ಜಾಗದಲ್ಲಿ ದಪ್ಪವೆಲ್ಲ ಥಟ್ಟನೆ ನಿಂತಿತ್ತು,
ಅಲ್ಲಿಗೆ ಮಡಚಿ ಹೆಮ್ಮಿಂಗ್ ಹಾಕಿದಂತೆ.
ಕೆಳಗೆ ಪುಟ್ಟ ಪಾದ, ಐದನೇ ನಂಬರ್ ಚಪ್ಪಲಿ.
ಕಂಡೆ. ಕಂಡದ್ದು ಏನೆಂದು ತಿಳಿಯಲಿಲ್ಲ.
ಅಳತೆ ಪುಸ್ತಕದಲ್ಲಿ ಗುರುತಿಗೆಂದು ಬರೆದುಕೊಂಡೆ:
ಆನೆಕಾಲು.

ಟೇಪು ಬಿಗಿದರೆ "ಮೆಲ್ಲಗೆ ಅಕ್ಕಾ" ಅನ್ನುತ್ತಿದ್ದಳು.
ಸೀಟಿನ ಮೂಲೆ ತಗುಲಿದರೂ ಸಾಕು, ನೇರಳೆಹಣ್ಣು ಜಜ್ಜಿದ ಕಲೆ.
ಶ್ರೀನಿವಾಸಪುರದ ಎರಡು ಟ್ರಿಪ್ಪಿಗೆ ಕಾಲೊಳಗೆ ಮರಳು ತುಂಬಿದ ಭಾರ.
ಅನ್ನ ಬಿಟ್ಟಳು, ಅಂಬಲಿ ಕುಡಿದಳು,
ಅಂತರಗಂಗೆಯ ಮೆಟ್ಟಿಲು ನಲವತ್ತು ದಿನ ಹತ್ತಿದಳು.
ಎರಡು ಸಲ ಷರಟು ಹಿಡಿದು ಹೊಲಿದುಕೊಟ್ಟೆ;
ಪ್ಯಾಂಟು ಒಂದು ನೂಲೂ ಸಡಿಲವಾಗಲಿಲ್ಲ.
"ಇನ್ನೂ ಕಮ್ಮಿ ತಿನ್ನು" ಅಂದವರಲ್ಲಿ ನಾನೂ ಒಬ್ಬಳು.

ಟಮಕದ ಆಸ್ಪತ್ರೆಯಲ್ಲಿ ನಡುರಾತ್ರಿ ರಕ್ತ ತೆಗೆದರಂತೆ,
ಹುಳ ಸಿಗಲಿಲ್ಲ.
ಕೊನೆಗೆ ಯಾರೋ ವಯಸ್ಸಾದ ಡಾಕ್ಟರಮ್ಮ, ಕನ್ನಡಕ ಏರಿಸಿ,
ಎರಡನೇ ಕಾಲ್ಬೆರಳ ಬುಡದ ತೊಗಲು ಚಿವುಟಿ ಎತ್ತಿದರಂತೆ. ಎದ್ದು ಬಂತು.
"ನೀರಲ್ಲಮ್ಮ ಇದು, ಕೊಬ್ಬು, ಬೇರೆ ಥರದ್ದು. ನಿಮ್ಮಮ್ಮನ ಕಾಲು ಹೇಗಿತ್ತು?"
ಅಮ್ಮ ಸಾಯೋತನಕ ಸೀರೆ. ಆ ಕಾಲನ್ನು ಯಾವ ಟೇಪೂ ಕಂಡಿಲ್ಲ.
ಕೊನೆಗಾಲಕ್ಕೆ ಸ್ನಾನ ಮಾಡಿಸಿದ ಮಗಳಿಗಷ್ಟೇ ನೆನಪು.

ಲಿಪೆಡಿಮಾ. ಟಿಕೆಟ್ಟಿನ ಹಿಂದೆ ಬರೆಸಿಕೊಂಡು ಬಂದಿದ್ದಳು.
ಮೈನೆರೆದಾಗ ಶುರು, ಹೆತ್ತ ಮೇಲೆ ಜಾಸ್ತಿ,
ಉಪವಾಸಕ್ಕೆ ಬಗ್ಗಲ್ಲ.
ಕೊನೇ ಸಾಲನ್ನು ಎರಡು ಸಲ ಓದಿದಳು.
ಪೂರ್ತಿ ವಾಸಿಯಾಗಲ್ಲ. ಬಿಗಿ ಕಾಲುಚೀಲ, ನೀರಿನಲ್ಲಿ ನಡಿಗೆ;
ಕೊಬ್ಬು ಹೀರುವ ಆಪರೇಷನ್ನೂ ಇದೆ,
ಬೆಲೆ ಕೇಳಿ ಇಬ್ಬರೂ ನಕ್ಕುಬಿಟ್ಟೆವು.

ಕಾಲುಚೀಲಕ್ಕೆ ಅಳತೆ ಬೇಕು, ಊದುವ ಮೊದಲು, ಹೊತ್ತೇರುವ ಮೊದಲು.
ಬೆಳಗಿನ ಐದೂವರೆ. ಷಟರ್ ಅರ್ಧ ಎತ್ತಿ,
ನೆಲದ ಮೇಲೆ ಕೂತು, ಸೆಂಟಿಮೀಟರಿನಲ್ಲಿ, ಏಳು ಕಡೆ,
ಮೆಲ್ಲಗೆ.
ನಾನು ಹೇಳಿದ್ದನ್ನು ಅವಳೇ ಬರೆದುಕೊಳ್ಳುತ್ತಿದ್ದಳು, ನನ್ನ ಪುಸ್ತಕದಲ್ಲಿ, ಅದೇ ಪುಟದಲ್ಲಿ.
ಪೆನ್ನು ಒಂದು ಗಳಿಗೆ ನಿಂತದ್ದು ಕೇಳಿಸಿತು.
ತಲೆ ಎತ್ತಲಿಲ್ಲ ನಾನು.
ಆಮೇಲೆ ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ ಸದ್ದು,
ಹೊರಗೆ ಮುಳಬಾಗಿಲಿನ ಮೊದಲ ಬಸ್ಸಿನ ಹಾರನ್ನು.

"ಹೂಂ, ಮುಂದಿಂದು ಹೇಳಕ್ಕಾ," ಅಂದಳು, "ಮಂಡಿ ಎಷ್ಟು?"