ನಡಾವಳಿ ಪುಸ್ತಕದಿಂದ

ಗೋಣಿಕೊಪ್ಪ, ಮೂರನೇ ಬ್ಲಾಕು. ಪಳಂಗಪ್ಪನವರ ಕಾರ್‌ಶೆಡ್ಡು.
ಹಾಜರಿ ಹನ್ನೊಂದು; ಕಾಫಿ ಹದಿನಾರು ಲೋಟ.

ಮೊದಲ ವಿಷಯ ಗಿಡದ್ದು.
ರಸ್ತೆ ಬದಿಗೆ ಕಾಗದದ ಹೂ ಸಾಕೆಂದರು ಚೋಂದಮ್ಮ.
ಹಲಸು ಎಂದ ವರ್ಗೀಸನಿಗೆ
ಆನೆಗೆ ಆಮಂತ್ರಣ ನೀವೇ ಕೊಡ್ತೀರಾ, ಎಂದು ನಗು.

ಎರಡನೆಯದು ಸೈಕಲ್ ದಾರಿ.
ಬಿಳಿ ಗೆರೆ ಎಳೆದಾಗಿದೆ. ಅದರ ಮೇಲೆ
ಅಧ್ಯಕ್ಷರ ಜೀಪು ನಿಂತಿದೆ.
ಯಾರೂ ಆ ಕಡೆ ನೋಡಲಿಲ್ಲ.

ಮೂರನೆಯದನ್ನು ಹೆಸರಿಡಿದು ಹೇಳಲು ಹಿಂಜರಿಕೆ.
ಡಿಸೆಂಬರು. ಮೇಲಿನ ಪಲ್ಪರಿನಿಂದ
ಮೋರಿಗಿಳಿಯುವ ಹುಳಿನೀರು,
ಬೆಲ್ಲದ ಗಡಿಗೆಯಲ್ಲಿ ಹೆಗ್ಗಣ ಬಿದ್ದು ಸತ್ತ ಹಾಗೆ.
ಪಲ್ಪರಿನ ಯಜಮಾನರು ಎದುರಿಗೇ ಕೂತು
ಬಿಸ್ಕತ್ತು ಅದ್ದುತ್ತಿದ್ದಾರೆ.
‘ತಪ್ಪು ಗಾಳಿಯದು’ ಎಂದು ಬರೆದೆ.
ಹೊಡೆದುಹಾಕಿದೆ.

ಆಗ ಅಲವಿಯ ಮಗಳು ಸಫ್ವಾನ,
ಇಡೀ ಬ್ಲಾಕಿಗೆ ಸೈಕಲ್ ಇರುವವಳು ಅವಳೊಬ್ಬಳೇ,
ಶೆಡ್ಡಿನ ಬಾಗಿಲಲ್ಲಿ ಒಂದು ಕಾಲೂರಿ ಕೇಳಿದಳು:
ಆ ಮೋರಿ ಹತ್ರ ಬಂದಾಗ, ಅಂಕಲ್,
ಮೂಗು ಹಿಡಿಯಲೋ, ಹ್ಯಾಂಡಲ್ ಹಿಡಿಯಲೋ?

ಬಿಸ್ಕತ್ತು ಲೋಟದೊಳಗೆ ಮುರಿದುಬಿತ್ತು.

ಠರಾವೇನೂ ಆಗಲಿಲ್ಲ. ಕೋರಂ ಇತ್ತು.
ಅವಳ ಮಾತನ್ನು ಇದ್ದಂತೆಯೇ ಇಳಿಸಿ,
ಕೆಳಗೆ ಸಹಿಗೆ ಜಾಗ ಬಿಟ್ಟು,
ಪುಸ್ತಕವನ್ನು
ಅವರ ಕಡೆಗೆ ತಿರುಗಿಸಿದೆ.