ಹಿಂದೆ ನಿಂತು ಕೂಗುವ ಕೆಲಸ

ಜೆ.ಸಿ. ರಸ್ತೆಯ ಅಂಗಡಿಗಳೆಲ್ಲ ಷಟರು ಎಳೆದ ಮೇಲೆ ಬಂತು
ಜೀಪು, ಜೀಪಿನ ಬೆನ್ನಿಗೆ ಟ್ರೈಲರು,
ಟ್ರೈಲರಿನೊಳಗೆ ಚಂಪಕ ಎಂಬ ಕಂದು ಕುದುರೆ.
ಬೆಳಕು ಹರಿಯುವುದರೊಳಗೆ ಕುಣಿಗಲ್ ದಾಟಬೇಕಂತೆ.

ಜಬೀವುಲ್ಲಾ ಮಾಮ ಸೀಟಿನಲ್ಲಿ, ನಾನು ಹಿಂದೆ.
ಹನ್ನೊಂದು ವರ್ಷದಿಂದ ನನ್ನದು ಇದೇ ಕೆಲಸ,
ಹಿಂದೆ ನಿಂತು ಕೂಗುವುದು.
ಎಡ? ಬಂತು. ಬಲ? ಬಂತು. ಬ್ರೇಕ್?
ಬ್ರೇಕ್ ಅಂದರೆ ಎಡದ ಇಂಡಿಕೇಟರು ಕಣ್ಣು ಹೊಡೆಯಿತು,
ಕೆಂಪು ದೀಪ ಜ್ವರದ ಮಗುವಿನ ಹಾಗೆ ಅರೆಗಣ್ಣು ಬಿಟ್ಟಿತು.
"ಅರ್ತ್ ಇಲ್ಲ" ಅಂದೆ.
"ಅರ್ತ್ ಇಲ್ಲ" ಅಂದರು ಮಾಮ, ತಾವೇ ಕಂಡುಹಿಡಿದವರ ಹಾಗೆ.

ಡ್ಯಾಶಿನ ಕೆಳಗೊಂದು ಪುಟ್ಟ ಡಬ್ಬಿ.
ಪೆಡಲು ತುಳಿದಾಗ ದೀಪಕ್ಕೆ ಹೋಗುವ ಸುದ್ದಿಯನ್ನು
ಕದ್ದು ಕೇಳಿಸಿಕೊಂಡು
ನೀಲಿ ತಂತಿಯಲ್ಲಿ ಹಿಂದಕ್ಕೆ ಹೇಳಿ ಕಳಿಸುತ್ತದೆ: ಹಿಡಿ.
ಡ್ರಮ್ಮಿನೊಳಗಿನ ಅಯಸ್ಕಾಂತ ಹಿಡಿಯುತ್ತದೆ.
ಹೋಗುವುದಕ್ಕೆ ಬಣ್ಣಬಣ್ಣದ ದಾರಿ,
ವಾಪಸು ಬರುವುದಕ್ಕೆ ಒಂದೇ ಬಿಳಿ ತಂತಿ,
ದೀಪದ್ದೂ ಅದೇ, ಬ್ರೇಕಿನದೂ ಅದೇ.
ಅದರ ಬುಡಕ್ಕೆ ತುಕ್ಕು ಹಿಡಿಯಿತೋ,
ಕರೆಂಟು ಕಂಡವರ ಹಿತ್ತಿಲು ಹಾದು ಮನೆ ಸೇರುತ್ತದೆ.

ಬೋಲ್ಟು ಬಿಚ್ಚಿ, ಮರಳು ಕಾಗದದಲ್ಲಿ
ಚಾಸಿ ಬೆಳ್ಳಿಯಾಗುವ ತನಕ ಉಜ್ಜಿದೆ.
ಗ್ರೀಸು ಸವರಿ ಬಿಗಿದೆ.
ಎಡ? ಬಂತು. ಬಲ? ಬಂತು. ಬ್ರೇಕ್?
ನನ್ನ ಎರಡೂ ಕೈ ಕೆಂಪಾದವು.

ಇನ್ನು ಹಿಡಿತ ಎಷ್ಟಿರಬೇಕು ಅನ್ನುವುದು.
"ನಂಬರು ನಂಗೊತ್ತಿಲ್ಲ, ಇವಳ ಕಾಲು ಗೊತ್ತು" ಅಂದು
ಲಾಯದ ಮಾರೆಪ್ಪ ಒಳಗೆ ಹತ್ತಿ ನಿಂತ.
ಖಾಲಿ ಕಸ್ತೂರ್ಬಾ ರಸ್ತೆ, ಮೂವತ್ತರ ವೇಗ, ಸ್ಕೂಟರಿನಲ್ಲಿ ನಾನು ಹಿಂದೆ.
ಆರು: ನಾಲ್ಕೂ ಗೊರಸು ಒಟ್ಟಿಗೆ ದಡಕ್ಕೆಂದವು,
ಮಾರೆಪ್ಪ ಹಲಗೆ ಗುದ್ದಿದ.
ಮೂರು: ಟ್ರೈಲರು ಜೀಪನ್ನು ನೂಕಿತು,
ಕ್ಯೂನಲ್ಲಿ ಹಿಂದಿನವನು ನೂಕುವ ಹಾಗೆ.
ನಾಲ್ಕೂವರೆ:
ಒಂದು ಗೊರಸು ಎತ್ತಿಟ್ಟ ಸದ್ದು,
ಆಮೇಲೆ ಹುಲ್ಲು ಅಗಿಯುವ ಸದ್ದು.
"ಇಲ್ಲೇ ಇರ್ಲಿ ಸಾಬ್ರೇ."

ಆರುನೂರು ಕೊಟ್ಟರು, ಮರಳು ಕಾಗದ ಸೇರಿ.
ಮಾಮನನ್ನು ಮನೆಗೆ ಬಿಟ್ಟು ಬರುವಾಗ
ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಮತ್ತೆ ಸಿಕ್ಕಿತು ಅದೇ ಟ್ರೈಲರು,
ಟೀ ಕುಡಿಯಲು ನಿಂತಿದ್ದರೇನೋ.
ನಿಂತಿತು. ಎರಡು ಕೆಂಪು, ಸಮಸಮ.
ಒಳಗೆ ಸದ್ದಿಲ್ಲ.
ಬಂತು ಅಂದೆ,
ಹೆಲ್ಮೆಟ್ಟಿನೊಳಗೆ.