ಮೇಲಿನ ಸಾಲು, ಕೆಳಗಿನ ಸಾಲು

ಬೆಸುಗೆಗೆ ಮೊದಲು ಕಾಗದ.
ಹೋದ ವರ್ಷದ ಕ್ಯಾಲೆಂಡರಿನ ಮೇ ತಿಂಗಳನ್ನು ಮಗುಚಿ
ಎರಡು ಸಾಲು ಎಳೆದೆ, ಸಾಲಿಗೆ ಇಪ್ಪತ್ನಾಲ್ಕು ತೂತು:
ಮೇಲೆ ಹೊರಬರುವವು,
ಕೆಳಗೆ ಒಳಹೋಗುವವು.
ನಡುವೆ ಒಂದು ಬೆರಳು ಜಾಗ, ಪೆನ್ಸಿಲ್ಲಿಗೆ.

ಶಹಾಬಜಾರದ ಮಾಳಿಗೆ ಕೋಣೆ. ಕಲಬುರಗಿಗೆ ಇವತ್ತು ನಲವತ್ಮೂರು ಡಿಗ್ರಿ.
ಫ್ಯಾನು ಹಾಕಿದರೆ ಮೈಕು ಅದನ್ನೇ ಹಾಡುತ್ತದೆ,
ಆರಿಸಿದರೆ ಬೆವರು ಕಾಗದದ ಮೇಲೆ ಬಿದ್ದು
ಏಳನೆಯ ತೂತು ಎಂಟನೆಯದಕ್ಕೆ ಕೂಡಿಕೊಳ್ಳುತ್ತದೆ.

ಬೆಲೆಯ ಪ್ರಕಾರ ಬರೆದಿದ್ದೆ.
ಮೊದಲು, ಕಂತಿನ ಮೇಲೆ ತಂದ ಪ್ರಿಆಂಪು. ಆಮೇಲೆ ಕಂಪ್ರೆಸರು,
ರಿವರ್ಬಿನ ಡಬ್ಬಿ, ಇಂಟರ್‌ಫೇಸಿನ ಎಂಟು ಬಾಯಿ,
ಕೊನೆಗೆ, ಬಲತುದಿಗೆ,
ಬಂಡೆಪ್ಪ ಮಾಸ್ತರರ ಪೇಟಿಯ ಮೈಕು.

ಮಜ್ಜಿಗೆ ತಂದ ಚಂದ್ರಭಾಗಾ ಅತ್ತೆ
ಲೋಟ ಕೆಳಗಿಡದೆ ನಿಂತಳು.
"ಇದು ನಮ್ಮ ಬೋರ್ಡಲ್ಲೇನೋ?"

ಅವಳು ಟೆಲಿಫೋನ್ ಆಫೀಸಿನಲ್ಲಿದ್ದಳೆಂದು ನನಗೆ ಗೊತ್ತಿತ್ತು,
ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು,
ಪಿಂಚಣಿ ಬರುವ ತಾರೀಖಿನಷ್ಟೇ ಗೊತ್ತಿತ್ತು.
ಅಲ್ಲಿ ಕೈ ಏನು ಮಾಡುತ್ತಿತ್ತೆಂದು ಯಾರೂ ಕೇಳಿರಲಿಲ್ಲ.

ಪಿನ್ನನ್ನು ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿದಳು,
ಮೂಗುತಿಯ ಹರಳು ನೋಡುವ ಹಾಗೆ:
"ಟಿಪ್ಪು, ರಿಂಗು, ಸ್ಲೀವು.
ಹೆಸರು ಸುದ್ದಾ ಬದ್ಲಾಗಿಲ್ಲ ನೋಡು."

ಆಮೇಲೆ ರಬ್ಬರ್ ಕೇಳಿದಳು.
"ರೊಕ್ಕದ ಲೆಕ್ಕದ ಮ್ಯಾಲೆ ತೂತು ಹಂಚತಾರೇನು?
ಕೈ ಎಲ್ಲಿ ಹೋಗ್ತದ ಅದನ್ನ ನೋಡು.
ದವಾಖಾನಿ, ಪೊಲೀಸ್ ಚೌಕಿ, ತೊಗರಿ ಅಡತಿಯವರು
ಇವರು ನಡುವಿನಾಗ, ಎದಿಮಟ್ಟ.
ವರ್ಷಕ್ಕೊಮ್ಮೆ ಮಾತಾಡೋ ಸಾಹುಕಾರ ತುದಿಗಿರ್ಲಿ,
ಎಷ್ಟು ದೊಡ್ಡಾಂವ ಇದ್ರೂ."

ಪೇಟಿ ಹನ್ನೆರಡಕ್ಕೆ ಬಂತು. ಹಾಡುವವರ ಮೈಕು ಹನ್ನೊಂದಕ್ಕೆ.
ರಿವರ್ಬು ತುದಿ ಹಿಡಿಯಿತು.
ನಾಲ್ಕು ತೂತು ಖಾಲಿ ಬಿಡಿಸಿದಳು.
ಯಾರಿಗೆ, ಎಂದೆ.
"ಇನ್ನೂ ಅರ್ಜಿ ಹಾಕದವರಿಗೆ."

ಹಾಫ್ ನಾರ್ಮಲ್ ಹೇಳುವುದಿತ್ತು. ಹೇಳಿದೆ:
ಏನೂ ಚುಚ್ಚದಿದ್ದರೆ, ಅತ್ತೆ,
ಮೇಲಿನದು ತಾನಾಗಿಯೇ ಕೆಳಗಿಳಿಯುತ್ತದೆ,
ಒಳಗೊಳಗೇ, ಬೆನ್ನ ಕಡೆಯಿಂದ.
ಅವಳು ರಬ್ಬರಿನ ಪುಡಿ ಊದಿದಳು.
"ಹಂಗಾದ್ರ ಆಪರೇಟರ್ ಎದಕ್ಕ?"

ಲೋಟದ ಅಂಚಿನಲ್ಲಿ ನೊಣ.
ಆಟೋಮ್ಯಾಟಿಕ್ ಬಂದ ವರ್ಷ ಅವಳನ್ನು ಬಿಲ್ಲಿನ ಕೌಂಟರಿಗೆ ಹಾಕಿದ್ದರು.
ಎರಡನ್ನೂ ನಾನು ಕೂಡಿಸಿ ನೋಡಿದ್ದು ಆಗಲೇ.

ಕೆಳಗೆ ಚುಚ್ಚಿದರೆ ದಾರಿ ಕಡಿಯುತ್ತದೆ, ಎಂದೆ.
ಮೇಲೆ ಚುಚ್ಚಿದರೆ ಕಡಿಯುವುದಿಲ್ಲ,
ಹರಿಯುವುದು ಹರಿಯುತ್ತಲೇ ಇರುತ್ತದೆ,
ನೀನೂ ಒಂದು ಎಳೆ ತಗೋಬಹುದು.

"ಹಾಂ," ಎಂದಳು, "ಕೇಳೋ ಕೀಲಿ."
ಒಂದೇ ಕಡೆಯ ಹಲ್ಲು ಕಾಣುವ ಹಾಗೆ ನಕ್ಕಳು.
"ಕೇಳಬಾರ್ದಂತ ನಿಯಮ ಇತ್ತು.
ಒಬ್ಬಾಂವ ಸೊಲ್ಲಾಪುರದಿಂದ ಟ್ರಂಕ್ ಹಚ್ಚಿ
ಮೂರು ನಿಮಿಷ ಏನೂ ಮಾತಾಡ್ಲಿಲ್ಲ.
ಈ ಕಡಿಯಾಕಿನೂ ಮಾತಾಡ್ಲಿಲ್ಲ.
ಎರಡೂ ಕಡಿ ಬರೇ ಉಸುರು.
ನಾ ಕಾರ್ಡ್ ತೆಗೀಲಿಲ್ಲ.
ಚೀಟಿ ಮ್ಯಾಲೆ ಮೂರೇ ಅಂತ ಬರದೆ."

ಎಷ್ಟು ಹೊತ್ತು ಬಿಟ್ಟಿದ್ದಿ, ಎಂದೆ.
ಮಜ್ಜಿಗಿ ಕುಡಿ, ಎಂದಳು.

ಹೆಸರಿನ ಪಟ್ಟಿ ಅವಳೇ ಬರೆದಳು, ಒಂದೊಂದೇ,
ಸರ್ಕಾರಿ ದುಂಡಕ್ಷರದಲ್ಲಿ: ಪೇಟಿ. ತಬಲಾ. ಡಗ್ಗಾ.
ಕಂಪ್ರೆಸರಿಗೆ ಅರ್ಧದಲ್ಲಿ ಜಾಗ ಸಾಲದೆ
'ಕಂಪ್ರೆ' ಎಂದು ನಿಲ್ಲಿಸಿ ಚುಕ್ಕಿ ಇಟ್ಟಳು.
ನೆಲತಂತಿ ಒಂದೇ ಕಡಿ ಕಟ್ಟು, ಇಲ್ಲಂದ್ರ ಗುಂಯ್ ಅಂತದ,
ಎಂದು ಮೆಟ್ಟಿಲಿನಿಂದಲೇ ಕೂಗಿ ಇಳಿದಳು.

ಈಗ ಅಳತೆ.
ಬೋರ್ಡಿನಿಂದ ಮೇಜಿಗೆ ಎರಡೂವರೆ ಮೀಟರು,
ಮೂಲೆಯ ತಿರುವಿಗೆ ಗೇಣು ಹೆಚ್ಚು,
ಕರೆಂಟಿನ ವೈರಿನಿಂದ ದೂರ ಹಾಯಿಸಲು ಇನ್ನೂ ಒಂದು ಗೇಣು.
ಎಷ್ಟು ಸಲ ಕೂಡಿದರೂ ಹನ್ನೊಂದು ಮೀಟರು ಕಡಿಮೆ.
ಸುಪರ್ ಮಾರ್ಕೆಟ್ಟಿನ ಅಂಗಡಿ ತೆರೆಯುವುದು ಸೋಮವಾರ.
ಅಲ್ಲಿಯವರೆಗೆ ಈ ಕಾಗದ ಮೊಳೆಗೆ ತೂಗಲಿ,
ಮೇ ತಿಂಗಳು ಗೋಡೆಗೆ ಮುಖ ಮಾಡಿ.